ಬಾತು ಬೇಟೆಗೆ ಮೂರು ವೇಡರ್: ಯಾವುದರಲ್ಲಿ ನನ್ನ ಕಾಲು ಒದ್ದೆಯಾಗಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಬಾತು ಬೇಟೆ ಈಗಷ್ಟೇ ಶುರು ಮಾಡುತ್ತಿದ್ದೀರಾ, ಕೈಯಲ್ಲಿ ದುಡ್ಡು ಕಡಿಮೆಯಾ? ಹಾಗಾದರೆ ಕೋವಿ ಆದ ಮೇಲೆ ಮೊದಲ ದುಡ್ಡನ್ನು ಬೂಟು ಅಂಟಿಕೊಂಡೇ ಬರುವ ನಿಯೋಪ್ರೀನ್ (ನೊರೆ ರಬ್ಬರ್) ವೇಡರ್‌ಗೆ, ಅಂದರೆ ನೀರಿಗೆ ಇಳಿಯಲು ಹಾಕುವ ಪ್ಯಾಂಟಿಗೆ, ಹಾಕಿ. ಡಿಕಾಯ್ (ನೀರಲ್ಲಿ ತೇಲಿಬಿಡುವ ನಕಲಿ ಬಾತು), ಬಾತಿನ ಹಾಗೆ ಕೂಗುವ ಪೀಪಿ, ಬಣ್ಣ ಬಣ್ಣದ ಜಾಕೆಟ್ಟು ಎಲ್ಲ ಆಮೇಲೆ. ನಾನು ಇದನ್ನು ಉಲ್ಟಾ ಮಾಡಿದೆ. ಅದಕ್ಕೇ ಎರಡು ಸೀಸನ್‌ನಲ್ಲಿ ಮೂರು ವೇಡರ್ ಕೊಂಡೆ.

ನಮ್ಮ ಮನೆ ಕೊಡಗಿನ ವಿರಾಜಪೇಟೆ ಕಡೆ. ಈಗ ಇರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಊರಲ್ಲಿ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆ ಹಬ್ಬ) ದಿನ ಕೋವಿಗೆ ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡುವುದನ್ನು ನೋಡಿ ಬೆಳೆದವನು ನಾನು. ಆದರೆ ಬೇಟೆ ಅನ್ನುವುದು ಅಜ್ಜನ ಕಾಲದ ಮಾತಾಗಿ ಮಾತ್ರ ಕೇಳಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಲ್ಲಿ ಅದು ಮುಗಿದ ಕಥೆ. ಮುಗಿದದ್ದು ಸರಿಯೇ. ಇಲ್ಲಿ ಲೆಕ್ಕ ಬೇರೆ. ಸೀಸನ್ ಉಂಟು, ಲೈಸೆನ್ಸ್ ಉಂಟು, ದಿನಕ್ಕೆ 6 ಬಾತು ಅನ್ನುವ ಮಿತಿ ಉಂಟು. 16 ವರ್ಷ ತುಂಬಿದ ಬಾತು ಬೇಟೆಗಾರರೆಲ್ಲ 25 ಡಾಲರ್ ಕೊಟ್ಟು ಡಕ್ ಸ್ಟಾಂಪ್ ಅನ್ನುವ ಸರ್ಕಾರಿ ಚೀಟಿ ಕೊಳ್ಳಬೇಕು. 1934ರಿಂದ ನಡೆದು ಬಂದ ಪದ್ಧತಿ ಅದು. ಆ ದುಡ್ಡು ಹೆಚ್ಚುಕಮ್ಮಿ ಪೂರ್ತಿ ಹಕ್ಕಿಗಳು ಇರುವ ಜೌಗು ಜಾಗ ಉಳಿಸುವುದಕ್ಕೆ ಹೋಗುತ್ತದೆ. ಈ ಒಂದು ವಿಷಯಕ್ಕೇ ನನಗೆ ಇಲ್ಲಿನ ಪದ್ಧತಿ ಮೇಲೆ ಗೌರವ. ಹೊಡೆದ ಹಕ್ಕಿಯನ್ನು ನಾವು ಬಿಡುವುದೂ ಇಲ್ಲ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಮಾಡಿದ ಮ್ಯಾಲಾರ್ಡ್ ಬಾತಿನ ಸಾರಿಗೆ ನಮ್ಮ ಮನೆಯಲ್ಲಿ ಕಾಯುವವರು ಇದ್ದಾರೆ.

ವೇಡರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ತೋಟದಲ್ಲಿ ಹಾಕುವ ಗಂಬೂಟಿಗೆ ಎದೆಯವರೆಗೆ ಬರುವ ಪ್ಯಾಂಟನ್ನು ಸೇರಿಸಿದ ಹಾಗೆ. ಭುಜಕ್ಕೆ ಪಟ್ಟಿ, ಸೊಂಟಕ್ಕೆ ಬೆಲ್ಟು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಈಡು ಹೊಡೆಯಬಹುದು. ಅಷ್ಟರೊಳಗೆ ಕತ್ತಲಲ್ಲೇ ನೀರಿಗೆ ಇಳಿದು, ಡಿಕಾಯ್ ಹರಡಿ, ಜೊಂಡಿನ ನಡುವೆ ನಿಂತಿರಬೇಕು. ಆಮೇಲೆ ಎರಡು ಮೂರು ಗಂಟೆ ಅಲ್ಲಾಡುವ ಹಾಗಿಲ್ಲ. ಈ ಅಲ್ಲಾಡದೆ ನಿಲ್ಲುವುದನ್ನು ನೆನಪಿಡಿ. ವೇಡರ್ ಆರಿಸುವಾಗ ನಾನು ಯೋಚಿಸದೇ ಇದ್ದದ್ದು ಅದನ್ನೇ.

ಮೊದಲು ಕೊಂಡದ್ದು ಪಿವಿಸಿ ಲೇಪದ ನೈಲಾನ್ ವೇಡರ್, 55 ಡಾಲರ್. ನೋಡೋಕೆ ಚೆನ್ನಾಗಿಯೇ ಇತ್ತು. ಬೂಟು ಅಂಟಿಕೊಂಡೇ ಬಂದಿತ್ತು, ಹಗುರ. ಸೆಪ್ಟೆಂಬರ್ ಕೊನೆಯಲ್ಲಿ ಸೀಸನ್ ತೆರೆದ ದಿನ ಹಾಕಿಕೊಂಡು ಹೋದೆ. ಬಿಸಿಲು ಬಂದ ಮೇಲೆ ಒಳಗೆಲ್ಲ ಬೆವರು. ವಾಪಸ್ ಬಂದು ಬಿಚ್ಚಿದಾಗ ಪ್ಯಾಂಟು ಒದ್ದೆ. ಪಿವಿಸಿ ಗಾಳಿ ಬಿಡುವುದಿಲ್ಲ, ಬೆವರೇ ಇರಬೇಕು ಅಂದುಕೊಂಡೆ. ಎರಡನೇ ಸಲವೂ ಒದ್ದೆ. ಆಗಲೂ ಬೆವರೇ ಅಂದುಕೊಂಡೆ.

ಮೂರನೇ ಸಲ ಅಕ್ಟೋಬರ್ ಮಧ್ಯ. ಬೆಳಿಗ್ಗೆ ಸೊನ್ನೆ ಡಿಗ್ರಿ ಹತ್ತಿರ. ತೊಡೆಯವರೆಗೆ ನೀರಲ್ಲಿ ನಿಂತು ಹತ್ತು ನಿಮಿಷ ಆಗಿರಲಿಲ್ಲ, ಬಲಗಾಲಿನ ಒಳತೊಡೆಯಲ್ಲಿ ಸಣ್ಣ ತಣ್ಣನೆ ಗೆರೆ. ದಾರದಷ್ಟೇ ದಪ್ಪ. ಅದು ಮೆಲ್ಲಗೆ ಮಂಡಿಗೆ ಇಳಿಯಿತು, ಮೀನಖಂಡಕ್ಕೆ ಇಳಿಯಿತು, ಆಮೇಲೆ ಕಾಲುಚೀಲ. ಅರ್ಧ ಗಂಟೆಯಲ್ಲಿ ಹೆಬ್ಬೆರಳು ಇದೆಯೋ ಇಲ್ಲವೋ ಗೊತ್ತಾಗದ ಸ್ಥಿತಿ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಒಂದು ಲೋಟದಷ್ಟು ನೀರು ಬೂಟಿನ ತಳದಲ್ಲಿ ನಿಂತರೆ ಸಾಕು, ಆ ದಿನ ಮುಗಿದ ಹಾಗೆ. 8 ಗಂಟೆಗೆ ದಡ ಹತ್ತಿದೆ. ಅದೇ ಹೊತ್ತಿಗೆ ರಿಂಗ್‌ನೆಕ್ ಬಾತುಗಳ ಗುಂಪು ಕಾಡು ಅಕ್ಕಿಯ ಹುಲ್ಲಿನ ಮೇಲೆ ತೀರಾ ಕೆಳಗೆ ಹಾರಿ ಬಂತು. ನಾನು ಕಾರಿನಲ್ಲಿ ಹೀಟರ್ ಹಾಕಿ ಕಾಲು ಉಜ್ಜುತ್ತಾ ಕೂತಿದ್ದೆ.

ಬೆವರಾ, ಸೋರಿಕೆಯಾ ಅಂತ ಕಂಡುಹಿಡಿಯುವುದು ಹೀಗೆ. ಬೆವರಾದರೆ ಎರಡೂ ಕಾಲು ಒಂದೇ ಥರ ತೇವ, ಬೆನ್ನೂ ತೇವ. ಸೋರಿಕೆಯಾದರೆ ಒಂದು ಕಾಲುಚೀಲ ಹಿಂಡುವಷ್ಟು ಒದ್ದೆ, ಇನ್ನೊಂದು ಒಣ. ಮನೆಗೆ ಬಂದು ಎರಡು ಕಾಲುಚೀಲ ಪಕ್ಕಪಕ್ಕ ಇಟ್ಟು ನೋಡಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು.

ಆ ರಾತ್ರಿ ಗ್ಯಾರೇಜಿನ ಲೈಟು ಆರಿಸಿ ವೇಡರ್ ಒಳಗೆ ಟಾರ್ಚು ಬಿಟ್ಟೆ. ಎರಡು ಕಾಲು ಸೇರುವ ಕಡೆ, ಹೊಲಿಗೆಯ ಪಕ್ಕ, ಸೂಜಿಮೊನೆಯಷ್ಟು ಬೆಳಕು ಎರಡು ಕಡೆ ಕಂಡಿತು. ಹೆಜ್ಜೆ ಹೆಜ್ಜೆಗೂ ಮಡಚುವ ಜಾಗ ಅದು. ಚಳಿಗೆ ಪಿವಿಸಿ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಮಡಚಿದರೆ ಬಿರಿಯುತ್ತದೆ. ಜೊತೆಗೆ ಪ್ರತಿ ಸಲ ಬಟ್ಟೆ ಮಡಚುವ ಹಾಗೆ ಮಡಚಿ ಡಬ್ಬಿಗೆ ಹಾಕುತ್ತಿದ್ದೆ. ಅದು ನನ್ನ ಕಡೆಯ ತಪ್ಪು, ನೇತುಹಾಕಬೇಕಿತ್ತು. ಆಕ್ವಾಸೀಲ್ ಅಂಟು ಹಚ್ಚಿ ಒಂದು ರಾತ್ರಿ, ಒಂದು ಹಗಲು ಬಿಟ್ಟೆ. ಗಟ್ಟಿಯಾಗಿ ಹಿಡಿಯಿತು. ಮುಂದಿನ ಎರಡು ಸಲ ಕಾಲು ಒದ್ದೆಯಾಗಲಿಲ್ಲ. ಮೂರನೇ ಸಲ ಅಂಟಿನಿಂದ ಒಂದು ಇಂಚು ಪಕ್ಕದಲ್ಲಿ ಹೊಸ ಬಿರುಕು. ಹಳೆ ಬಟ್ಟೆಗೆ ತೇಪೆ ಹಾಕಿದರೆ ತೇಪೆ ಪಕ್ಕ ಹರಿಯುತ್ತದಲ್ಲ, ಹಾಗೆ. ಅಂಗಡಿಯವರು ಒಂದು ತಿಂಗಳು ದಾಟಿದೆ, ಬಳಸಿದ ಮಾಲು ವಾಪಸ್ ಇಲ್ಲ ಅಂದರು.

ಪಿವಿಸಿ ಪೂರ್ತಿ ಕೆಟ್ಟದ್ದು ಅಂತಲ್ಲ. ವರ್ಷಕ್ಕೆ ಒಂದೋ ಎರಡೋ ಸಲ, ಸೆಪ್ಟೆಂಬರ್‌ನಲ್ಲಿ ಮಾತ್ರ ಹೋಗುವವರಿಗೆ ನಡೆಯುತ್ತದೆ.

ಎರಡನೆಯದು ನನ್ನ ಈಗಿನ ವೇಡರ್. 3.5 ಮಿಲಿಮೀಟರ್ ನಿಯೋಪ್ರೀನ್, ಬೂಟಿನೊಳಗೆ ಚಳಿ ತಡೆಯುವ 600 ಗ್ರಾಂ ಥಿನ್ಸುಲೇಟ್ ಪದರ. ಫೆಬ್ರವರಿಯಲ್ಲಿ, ಸೀಸನ್ ಮುಗಿದು ಅಂಗಡಿಯವರು ಮಾಲು ಖಾಲಿ ಮಾಡುವ ಹೊತ್ತಿನಲ್ಲಿ 130 ಡಾಲರ್‌ಗೆ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಇದೇ ಅಂಗಡಿ, ಇದೇ ವೇಡರ್, 200ರ ಹತ್ತಿರ ಇತ್ತು. ಐದು ತಿಂಗಳು ಕಾಯುವ ತಾಳ್ಮೆ ಇದ್ದರೆ ಬಜೆಟ್ ಸಮಸ್ಯೆ ಅರ್ಧ ಕಮ್ಮಿ.

ಇದು ಭಾರ. ನಿಜ. ಸೆಪ್ಟೆಂಬರ್ ಬಿಸಿಲಲ್ಲಿ ಬೇಯುತ್ತದೆ, ಅದೂ ನಿಜ. ಒಳಗೆ ಒದ್ದೆಯಾದರೆ ಒಣಗೋಕೆ ಎರಡು ದಿನ ಬೇಕು. ನಮ್ಮ ಬೇಸ್‌ಮೆಂಟಿನಲ್ಲಿ ಬೂಟು ಮೇಲೆ ಮಾಡಿ ತಲೆಕೆಳಗಾಗಿ ನೇತುಹಾಕಿ, ಚಿಕ್ಕ ಫ್ಯಾನು ತಿರುಗಿಸಿ ಇಡುತ್ತೇನೆ. ಇಲ್ಲದಿದ್ದರೆ ಮಳೆಗಾಲದಲ್ಲಿ ಊರಿನ ಮನೆಯ ಕಂಬಳಿಗೆ ಬರುವ ವಾಸನೆ ಬರುತ್ತದೆ. ಆದರೆ ನವೆಂಬರ್ ಮೊದಲ ವಾರ, ಕೆರೆಯ ಅಂಚಿನಲ್ಲಿ ಕನ್ನಡಿಯಷ್ಟು ತೆಳ್ಳನೆ ಮಂಜುಗಡ್ಡೆ ಕಟ್ಟಿದ ದಿನ, ಅದನ್ನು ಮೊಣಕಾಲಿನಿಂದ ಒಡೆದುಕೊಂಡು ಒಳಗೆ ಹೋಗಿ ಮೂರು ಗಂಟೆ ನಿಂತೆ. ಕಾಲು ಬೆಚ್ಚಗಿತ್ತು. ಆ ದಿನ ಬಿದ್ದದ್ದು ಒಂದೇ ಗಂಡು ಮ್ಯಾಲಾರ್ಡ್. ಆದರೂ ಬೆಳಕು ಹರಿಯುವುದನ್ನು, ತಲೆ ಮೇಲೆ ರೆಕ್ಕೆ ಸದ್ದು ಬರುವುದನ್ನು ಪೂರ್ತಿ ನೋಡಿದ ಮೊದಲ ಬೆಳಗು ಅದು.

ಬೂಟಿನ ಅಳತೆ ಬಗ್ಗೆ ಒಂದು ಮಾತು. ಚಳಿಗೆ ಅಂತ ಎರಡು ಕಾಲುಚೀಲ ತುರುಕಿ ಬಿಗಿ ಬೂಟು ಹಾಕಿದರೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ರಕ್ತ ಓಡಾಡಬೇಕು, ಒಳಗೆ ಗಾಳಿಗೆ ಜಾಗ ಇರಬೇಕು. ಒಂದು ಸೈಜು ದೊಡ್ಡದು ತೆಗೆದುಕೊಂಡು ಒಂದೇ ದಪ್ಪ ಉಣ್ಣೆ ಕಾಲುಚೀಲ ಹಾಕಿ.

ದೊಡ್ಡ ಬೂಟಿನ ತೊಂದರೆ ಕೆಸರಿನಲ್ಲಿ. ಬೂಟು ಕೆಳಗೆ ಉಳಿಯುತ್ತದೆ, ಕಾಲು ಮೇಲೆ ಜಾರುತ್ತದೆ. ಇಲ್ಲಿ ನನಗೆ ಊರಿನ ನಾಟಿ ಗದ್ದೆ ಕಲಿಸಿದ್ದು ಕೆಲಸಕ್ಕೆ ಬಂತು. ಕಾಲನ್ನು ನೇರ ಮೇಲಕ್ಕೆ ಎಳೆಯಬಾರದು. ಮೊದಲು ಹಿಮ್ಮಡಿ ಎತ್ತಿ, ಗಾಳಿ ಒಳಗೆ ಹೋಗಲು ಬಿಟ್ಟು, ಆಮೇಲೆ ಬೆರಳು. ಕೆಸರು ದಾಟುವಾಗ ಒಂದೇ ಕಡೆ ತುಂಬಾ ಹೊತ್ತು ನಿಲ್ಲಲೂ ಬಾರದು. ನನ್ನ ಜೊತೆ ಬರುವ, ಇಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರು ಇದನ್ನು ನೋಡಿ ಎಲ್ಲಿ ಕಲಿತೆ ಅಂತ ಕೇಳಿದರು. ಭತ್ತದ ಗದ್ದೆಯಲ್ಲಿ ಅಂದೆ.

ಮೂರನೆಯದು ಬ್ರೀದಬಲ್ ವೇಡರ್. ಬೆವರಿನ ಆವಿಯನ್ನು ಹೊರಗೆ ಬಿಟ್ಟು ನೀರನ್ನು ತಡೆಯುವ ಬಟ್ಟೆ. ನಾನು ಕೊಂಡದ್ದರ ತುದಿಯಲ್ಲಿ ಬೂಟಿಲ್ಲ, ಕಾಲುಚೀಲದ ಥರ ಇರುತ್ತದೆ. ಲೇಸು ಕಟ್ಟುವ ಬೂಟು ಬೇರೆ ಕೊಳ್ಳಬೇಕು. ವೇಡರ್ 190, ಬೂಟು 80, ಒಟ್ಟು 270 ಡಾಲರ್. ಎಲ್ಲರೂ ಹೊಗಳುತ್ತಿದ್ದರು, ಸೆಪ್ಟೆಂಬರ್ ಸೆಕೆಗೆ ಬೇಕು ಅಂತ ಎರಡನೇ ವರ್ಷ ಕೊಂಡೆ.

ನಡೆಯೋಕೆ ಇದರಷ್ಟು ಸುಖ ಯಾವುದೂ ಇಲ್ಲ. ಲೇಸು ಬಿಗಿದರೆ ಕೆಸರಲ್ಲೂ ಕಾಲು ಜಾರುವುದಿಲ್ಲ. ತೂತು ಹುಡುಕುವುದು ಸುಲಭ. ಒಳಮೈ ಹೊರಗೆ ಮಾಡಿ ರಬ್ಬಿಂಗ್ ಆಲ್ಕೋಹಾಲ್ ಸಿಂಪಡಿಸಿದರೆ ತೂತಿರುವ ಕಡೆ ಕಪ್ಪು ಚುಕ್ಕೆ ಕಾಣುತ್ತದೆ. ಆದರೆ ಈ ಬಟ್ಟೆ ತಾನಾಗಿ ಬೆಚ್ಚಗಿಡುವುದಿಲ್ಲ. ಒಳಗೆ ಫ್ಲೀಸ್ ಪ್ಯಾಂಟು ಎರಡು ಪದರ ಬೇಕು.

ಮತ್ತೆ ಆ ಲೇಸು. ಶನಿವಾರ ಬೇಟೆ ಮುಗಿಸಿ ಬೂಟನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟೆ. ರಾತ್ರಿ ಮೈನಸ್ 8 ಡಿಗ್ರಿ. ಭಾನುವಾರ ಬೆಳಗಿನ ಜಾವ ಕೆರೆ ದಡದಲ್ಲಿ ಡಿಕ್ಕಿ ತೆಗೆದರೆ ಬೂಟು ಕಲ್ಲು. ನಾಲಿಗೆ ಮೇಲೆತ್ತಲು ಆಗುವುದಿಲ್ಲ, ಲೇಸು ಕಡ್ಡಿಯ ಹಾಗೆ ನಿಂತಿದೆ. ಹೀಟರ್ ಮುಂದೆ ಹಿಡಿದು ಕರಗಿಸುವಷ್ಟರಲ್ಲಿ ಬೆಳಕಾಯಿತು. ಇನ್ನೊಂದು ವಿಷಯ, ಇಲ್ಲಿ ಒಂದು ಕೆರೆಯ ಗಿಡ ಇನ್ನೊಂದು ಕೆರೆಗೆ ಹೋಗಬಾರದು ಅಂತ ಕಾನೂನು ಇದೆ. ಲೇಸಿನ ಸಂದಿಯಿಂದ ಹುಲ್ಲು ಕೀಳುವುದು ಬೆರಳು ಮರಗಟ್ಟಿದಾಗ ದೊಡ್ಡ ಕೆಲಸ. ಅಂಟಿದ ಬೂಟಿಗೆ ಒಂದು ಸಲ ನೀರು ಹೊಯ್ದರೆ ಮುಗಿಯಿತು.

ನಾನು ಹೋಗುವುದು ಜಾಸ್ತಿ ಅಕ್ಟೋಬರ್, ನವೆಂಬರ್ ಶನಿವಾರ ಭಾನುವಾರ. ಕಾರಿನಿಂದ ನೀರಿಗೆ 200 ಮೀಟರ್ ನಡಿಗೆ. ಆಮೇಲೆ ನಿಲ್ಲುವುದೇ ಕೆಲಸ. ನನ್ನಂಥವರಿಗೆ ನಿಯೋಪ್ರೀನ್. ಮೈಲಿಗಟ್ಟಲೆ ನಡೆದು ಹಕ್ಕಿ ಹುಡುಕುವವರು, ವಸಂತದಲ್ಲಿ ಇದನ್ನೇ ಹಾಕಿ ಮೀನು ಹಿಡಿಯುವವರು ಬ್ರೀದಬಲ್‌ಗೆ ದುಡ್ಡು ಕೊಡಬಹುದು. ಯಾವುದೇ ಆಗಲಿ, ಸೊಂಟದ ಬೆಲ್ಟು ಬಿಗಿದೇ ನೀರಿಗೆ ಇಳಿಯಿರಿ. ಬಿದ್ದರೆ ಒಳಗೆ ನೀರು ನುಗ್ಗುವುದನ್ನು ತಡೆಯುವುದು ಅದೇ. ದೋಣಿಯಾದರೆ ಲೈಫ್ ಜಾಕೆಟ್ ಬೇಕೇ ಬೇಕು.

ಬರೀ ಹೆಬ್ಬಾತು ಬೇಟೆ ಸಾಕು ಅನ್ನುವವರಿಗೆ ವೇಡರ್ ಬೇಡವೇ ಬೇಡ. ಕೆನಡಾ ಹೆಬ್ಬಾತು ಕಟಾವಾದ ಮೆಕ್ಕೆಜೋಳದ ಹೊಲಕ್ಕೆ ಮೇಯಲು ಬರುತ್ತದೆ. ರೈತರ ಅನುಮತಿ ಕೇಳಿ ಅಲ್ಲೇ ಮಲಗಿ ಕಾಯಬಹುದು. 25 ಡಾಲರಿನ ಗಂಬೂಟು ಸಾಕು.

ಉಳಿದದ್ದು ಬೇಗ ಹೇಳುತ್ತೇನೆ. ಕೋವಿಗೆ ಮಾವೆರಿಕ್ 88 ಪಂಪ್, 12 ಬೋರ್. ಅಗ್ಗ, ನನಗೆ ಇವತ್ತಿನವರೆಗೂ ಕೈಕೊಟ್ಟಿಲ್ಲ. ಒಟ್ಟು 3 ತೋಟೆಗಿಂತ ಜಾಸ್ತಿ ಹಿಡಿಯದ ಹಾಗೆ ಒಳಗೆ ಅಡ್ಡಕಡ್ಡಿ ಇರಲೇಬೇಕು. ತೋಟೆ ಉಕ್ಕಿನ ಚರೆಯದ್ದು, ಉದ್ದ 3 ಇಂಚು, ಚರೆ 2ನೇ ನಂಬರ್. ಸೀಸದ ಚರೆ ನೀರುಹಕ್ಕಿಗೆ 1991ರಿಂದ ದೇಶಪೂರ್ತಿ ನಿಷೇಧ. ಕೆರೆ ತಳಕ್ಕೆ ಬಿದ್ದ ಸೀಸವನ್ನು ಬಾತುಗಳು ಕಲ್ಲುಹರಳು ಅಂತ ನುಂಗಿ ವಿಷವೇರಿ ಸಾಯುತ್ತಿದ್ದವು. ಡಿಕಾಯ್ ಹಳೆಯದು ಒಂದು ಡಜನ್ ಸಾಕು, ಬಣ್ಣ ಹೋಗಿದ್ದರೂ ಬಾತು ಇಳಿಯುತ್ತದೆ. ಪೀಪಿಗೆ 20 ಡಾಲರ್ ಮೀರಬೇಡಿ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಕೋವಿ ಕೊಳ್ಳುವ ಮೊದಲು ಫೆಡರಲ್ ಕಾನೂನು ಓದಿಕೊಳ್ಳಿ. ಅಂಥವರು ಕೋವಿ ಕೊಳ್ಳಬೇಕಾದರೆ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು.

ವೇಡರ್ ಕೊಳ್ಳುವ ದಿನ ದಪ್ಪ ಪ್ಯಾಂಟು, ಉಣ್ಣೆ ಕಾಲುಚೀಲ ಹಾಕಿಕೊಂಡೇ ಅಂಗಡಿಗೆ ಹೋಗಿ. ಒಳಗೆ ಇಳಿದು, ಪಟ್ಟಿ ಹಾಕಿ, ಒಂದು ಕಾಲನ್ನು ಕುರ್ಚಿ ಮೇಲಿಟ್ಟು ನೋಡಿ. ಆಮೇಲೆ ಗದ್ದೆ ಬದುವಿನ ಮೇಲೆ ಕೂರುವ ಹಾಗೆ ಕುಕ್ಕರಗಾಲಿನಲ್ಲಿ ಕೂತು ಏಳಿ. ಎರಡು ಕಾಲು ಸೇರುವ ಕಡೆ ಎಳೆದ ಹಾಗಾದರೆ ಅದನ್ನು ಬಿಟ್ಟು ಮುಂದಿನ ಸೈಜು ಕೇಳಿ.