ಹಿಂದಿನ ಪುಟ್ಟ ಗಾಜಿನ ಬಗ್ಗೆ ಯಾರೂ ಕೇಳುವುದಿಲ್ಲ: ಎಚ್-ಆಲ್ಫಾ ಟೆಲಿಸ್ಕೋಪ್, ನಾಲ್ಕು ವರ್ಷದ ಬಳಕೆ

"ಅಪ್ಪಾ, ಗಾಜಿಗೆ ದಾರ ಅಂಟಿಕೊಂಡಿದೆ, ಒರೆಸು" ಅಂದಳು ಮಗಳು. ಟೆಲಿಸ್ಕೋಪ್ ತಂದ ಮೊದಲ ವಾರದ ಮಾತು. ನಾನೂ ಬಗ್ಗಿ ನೋಡಿದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು: ಕೆಂಪು ಚೆಂಡಿನ ಅಂಚಿನಲ್ಲಿ ಎಳೆ ದಾರದ ಸುರುಳಿಯೊಂದು ಹೊರಗೆ ಚಾಚಿಕೊಂಡಿತ್ತು. ಆದರೆ ದಾರ ಇದ್ದದ್ದು ಗಾಜಿನ ಮೇಲಲ್ಲ, ಸೂರ್ಯನ ಮೇಲೆ. ಪ್ರಾಮಿನೆನ್ಸ್ ಅನ್ನುತ್ತಾರಲ್ಲ, ಆ ಜ್ವಾಲೆ. ಆ ಕಮಾನಿನ ಕೆಳಗೆ ಭೂಮಿಯನ್ನು ಆರಾಮಾಗಿ ಉರುಳಿಸಿಕೊಂಡು ಹೋಗಬಹುದಿತ್ತು. ಅರ್ಧ ಗಂಟೆ ಬಿಟ್ಟು ನೋಡಿದರೆ ಸುರುಳಿಯ ಆಕಾರ ಬದಲಾಗಿತ್ತು. "ದಾರ ಬಿಚ್ಚಿಕೊಂಡಿದೆ" ಅಂದಳು.

ಆ ದಿನ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಟ್ಟು ಮುಗಿಸುತ್ತಿದ್ದೆ. ನಾಲ್ಕು ವರ್ಷ ಆದ ಮೇಲೆ ಅಷ್ಟು ಸಲೀಸಾಗಿ ಬರೆಯೋಕೆ ಆಗುತ್ತಿಲ್ಲ.

ನನ್ನದು 40 ಮಿಲಿಮೀಟರ್ ಲೆನ್ಸಿನ, 400 ಮಿಲಿಮೀಟರ್ ಫೋಕಲ್ ಲೆಂತ್‌ನ, ಸೂರ್ಯನಿಗೆಂದೇ ಮಾಡಿದ ಪುಟ್ಟ ಟೆಲಿಸ್ಕೋಪ್. ಮುಂದೆ ಎಟಲಾನ್, ಅಂದರೆ ಬೆಳಕಿನ ಬಹಳ ಕಿರಿದಾದ ಗೆರೆಗಳನ್ನು ಮಾತ್ರ ಒಳಗೆ ಬಿಡುವ ಫಿಲ್ಟರ್; ಹಿಂದೆ ಬೇಡದ ಬೆಳಕನ್ನು ತಡೆಯುವ 5 ಮಿಲಿಮೀಟರಿನ ಬ್ಲಾಕಿಂಗ್ ಫಿಲ್ಟರ್. ಹೊಸದು ಕೊಳ್ಳುವಷ್ಟು ದುಡ್ಡು ಇರಲಿಲ್ಲ. 2021ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಉಳಿದ ವಿವರಗಳೆಲ್ಲ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತವೆ, ಬಿಡಿ.

ಕೊಳ್ಳುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಆಂಗ್ಸ್ಟ್ರಾಮ್?" ಎಲ್ಲರೂ ಕೇಳುವುದು ಅದನ್ನೇ. 0.7 ಅಂದರು, ಖುಷಿಯಾದೆ. ಫಿಲ್ಟರ್ ಎಷ್ಟು ಅಗಲದ ಕಿಟಕಿಯಿಂದ ಬೆಳಕು ಬಿಡುತ್ತದೆ ಅನ್ನುವ ಲೆಕ್ಕ ಅದು; ಒಂದು ಆಂಗ್ಸ್ಟ್ರಾಮ್ ಅಂದರೆ ನ್ಯಾನೋಮೀಟರಿನ ಹತ್ತನೇ ಒಂದು ಪಾಲು. ಸೂರ್ಯನ ಕ್ರೋಮೋಸ್ಫಿಯರ್ ಅನ್ನುವ ಹೊರ ಪದರದ ಹೈಡ್ರೋಜನ್ 656.28 ನ್ಯಾನೋಮೀಟರ್‌ನ ಕಡುಗೆಂಪು ಬೆಳಕನ್ನು ಹೊಮ್ಮಿಸುತ್ತದೆ. ಎಚ್-ಆಲ್ಫಾ ಗೆರೆ ಅನ್ನುವುದು ಇದನ್ನೇ. ಆ ಒಂದು ಗೆರೆಯನ್ನು ಮಾತ್ರ ಬಿಟ್ಟು ಉಳಿದ ಬೆಳಕನ್ನೆಲ್ಲ ತಡೆದರೆ ಜ್ವಾಲೆಗಳು ಕಾಣುತ್ತವೆ. ಇಲ್ಲದಿದ್ದರೆ ಅದರ ಕೆಳಗಿನ ಪದರದ ಝಗಝಗ ಎಲ್ಲವನ್ನೂ ನುಂಗಿಬಿಡುತ್ತದೆ. ಅಂಚಿನ ಜ್ವಾಲೆ ಮಾತ್ರ ಸಾಕು ಅಂದರೆ ಕಿಟಕಿ ಸ್ವಲ್ಪ ಅಗಲ ಇದ್ದರೂ ನಡೆಯುತ್ತದೆ. ಚೆಂಡಿನ ಮೇಲಿನ ವಿವರ ಬೇಕು ಅಂದರೆ 1 ಆಂಗ್ಸ್ಟ್ರಾಮ್‌ಗಿಂತ ಕಡಿಮೆ ಇರಲೇಬೇಕು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ರಾತ್ರಿ ನೆಬ್ಯುಲಾ (ಬಾಹ್ಯಾಕಾಶದ ಅನಿಲದ ಮೋಡ) ಫೋಟೋ ತೆಗೆಯೋಕೆ ಬಳಸುವ ಫಿಲ್ಟರ್‌ಗೂ ಎಚ್-ಆಲ್ಫಾ ಅಂತಲೇ ಹೆಸರು. ಹೆಸರು ಒಂದೇ ಅಂತ ಅದನ್ನು ಹಾಕಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ. ಅಂಥ ಒಂದು ಫಿಲ್ಟರ್‌ನ ಕಿಟಕಿ 7 ನ್ಯಾನೋಮೀಟರ್, ಅಂದರೆ 70 ಆಂಗ್ಸ್ಟ್ರಾಮ್, ನನ್ನ ಫಿಲ್ಟರ್‌ಗಿಂತ ನೂರು ಪಟ್ಟು ಅಗಲ. ಬಿಸಿಯನ್ನು ತಡೆಯುವ ಏರ್ಪಾಡೂ ಅದರಲ್ಲಿ ಇಲ್ಲ. ಈ ಪ್ರಶ್ನೆಯನ್ನು ನನಗೆ ಇಬ್ಬರು ಕೇಳಿದ್ದಾರೆ, ಅದಕ್ಕೇ ಬರೆದೆ.

ಸರಿ, ದಿನಾ ನಡೆಯುವುದು ಹೀಗೆ. ಬೆಳಿಗ್ಗೆ ಎಂಟರ ಸುಮಾರಿಗೆ ಒಂದು ಕೈಯಲ್ಲಿ ಟ್ರೈಪಾಡ್, ಇನ್ನೊಂದರಲ್ಲಿ ಟೆಲಿಸ್ಕೋಪ್ ಹಿಡಿದು ಹೊರಡುತ್ತೇನೆ. ಹುಲ್ಲಿನ ಮೇಲೇ ಇಡಬೇಕು. ಸಿಮೆಂಟ್ ನೆಲ ಕಾದರೆ ಮೇಲೇಳುವ ಬಿಸಿ ಗಾಳಿಗೆ ಸೂರ್ಯನ ಅಂಚು ಉಕ್ಕುವ ಹಾಲಿನ ಹಾಗೆ ನಡುಗುತ್ತದೆ. ಗುರಿ ಹಿಡಿಯೋಕೆ ಬೇರೆ ಸಾಧನ ಬೇಕಾಗಿಲ್ಲ, ನೆಲದ ಮೇಲಿನ ನೆರಳು ಸಾಕು. ಕೊಳವೆಯ ನೆರಳು ಉದ್ದಕ್ಕೆ ಬಿದ್ದಿದ್ದರೆ ಗುರಿ ತಪ್ಪಿದೆ ಅಂತ. ಕುಗ್ಗಿ ಕುಗ್ಗಿ ದುಂಡಗೆ ಬಿಲ್ಲೆಯಷ್ಟಾದಾಗ ಸೂರ್ಯ ಕೊಳವೆಯೊಳಗೆ ಬಂದಿರುತ್ತಾನೆ.

ಆಮೇಲೆ ಬಟ್ಟೆ. ಮುರಿದ ಕೊಡೆಯ ಕಪ್ಪು ಬಟ್ಟೆ ಬಿಚ್ಚಿ, ಅದರ ಮೇಲೆ ಬಿಳಿ ಬಟ್ಟೆ ಹೊಲಿದು ಮಾಡಿಕೊಂಡ ಮುಸುಕು. ಒಳಗೆ ಕಪ್ಪು, ಹೊರಗೆ ಬಿಳಿ. ಬರೀ ಕಪ್ಪು ಬಟ್ಟೆ ಹೊದ್ದು ಬಿಸಿಲಲ್ಲಿ ನಿಂತರೆ ಹತ್ತು ನಿಮಿಷಕ್ಕೆ ತಲೆ ಸುತ್ತುತ್ತದೆ, ಅನುಭವದ ಮಾತು. ಇಷ್ಟೆಲ್ಲ ಯಾಕೆ ಅಂದರೆ, ಆ ಕಡುಗೆಂಪಿಗೆ ನಮ್ಮ ಕಣ್ಣು ಬಹಳ ಮಂದ. ಹಸಿರು ಬೆಳಕನ್ನು ಹಿಡಿಯುವಷ್ಟರ ಹತ್ತನೇ ಒಂದು ಪಾಲೂ ಇದನ್ನು ಹಿಡಿಯುವುದಿಲ್ಲ. ಸುತ್ತಲ ಬಿಸಿಲು ಓರೆಯಲ್ಲಿ ಕಣ್ಣಿಗೆ ಬೀಳುತ್ತಿದ್ದರೆ ಅರ್ಧ ಜ್ವಾಲೆಗಳು ಕಾಣುವುದೇ ಇಲ್ಲ. ಮುಸುಕು ಹಾಕಿಕೊಂಡು ಎರಡು ನಿಮಿಷ ಸುಮ್ನೆ ಇರಬೇಕು. ಆಗ ಒಂದೊಂದೇ ಎದ್ದು ಬರುತ್ತವೆ. ಮುಸುಕಿಲ್ಲದೆ ನೋಡಿ "ಬರೀ ಕೆಂಪು ಚೆಂಡು, ಇಷ್ಟಕ್ಕೆ ಇಷ್ಟೊಂದು ದುಡ್ಡಾ?" ಅಂದವರಿಗೆಲ್ಲ ಇದನ್ನೇ ಹೊದಿಸಿದ್ದೇನೆ. ಒಳಗಿಂದ "ಓ" ಅನ್ನುವ ಸದ್ದು ಬರುತ್ತದೆ.

ಇನ್ನು ಆ ಚಕ್ರ. ಎಟಲಾನ್ ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಸಣ್ಣ ಚಕ್ರ ಇದೆ. ತಿರುಗಿಸಿದರೆ ಎಟಲಾನ್ ಒಂದು ಕೂದಲಷ್ಟು ವಾಲುತ್ತದೆ, ಅದು ಬಿಡುವ ಬೆಳಕು ನೀಲಿಯ ಕಡೆಗೆ ಕೊಂಚ ಸರಿಯುತ್ತದೆ. ಗೆರೆ ತಪ್ಪಿದಾಗ ನುಣ್ಣನೆ ಚೆಂಡು, ಅಲ್ಲಲ್ಲಿ ಕಲೆ. ಗೆರೆಗೆ ಬಂದು ಕೂತ ಕೂಡಲೇ ಅಂಚೆಲ್ಲ ಕಂಬಳಿಯ ಅಂಚಿನ ಹಾಗೆ ಜುಂಗುಜುಂಗಾಗುತ್ತದೆ, ಚೆಂಡಿನ ಮೇಲೆ ಕಪ್ಪು ಎಳೆಗಳು ಮೂಡುತ್ತವೆ. ಆ ಎಳೆಗಳಿಗೆ ಫಿಲಮೆಂಟ್ ಅಂತ ಹೆಸರು. ಅಂಚಿನಲ್ಲಿ ಹೊಳೆಯುವ ಜ್ವಾಲೆಯೂ ಇದೂ ಒಂದೇ ವಸ್ತು. ಹಿಂದೆ ಕಪ್ಪು ಆಕಾಶ ಇದ್ದರೆ ಬೆಳ್ಳಗೆ, ಸೂರ್ಯನ ಮೈ ಇದ್ದರೆ ಕಪ್ಪಗೆ.

ಒಂದು ದಿನ ಮಧ್ಯದಲ್ಲಿದ್ದ ದಪ್ಪ ಫಿಲಮೆಂಟ್ ನೋಡ್ತಾ ನೋಡ್ತಾ ಹತ್ತೇ ನಿಮಿಷದಲ್ಲಿ ಮಾಸಿ ಹೋಯಿತು. ಮುಗೀತು ಅಂದುಕೊಂಡೆ. ಸುಮ್ನೆ ಚಕ್ರ ತಿರುಗಿಸಿದರೆ, ಅಲ್ಲೇ ಇದೆ! ಅದು ಕರಗಿರಲಿಲ್ಲ, ಸೂರ್ಯನನ್ನು ಬಿಟ್ಟು ನಮ್ಮ ಕಡೆಗೆ ಹೊರಟಿತ್ತು. ಸೆಕೆಂಡಿಗೆ 50 ಕಿಲೋಮೀಟರ್ ವೇಗದಲ್ಲಿ ಬಂದರೆ ಅದರ ಗೆರೆ 1.1 ಆಂಗ್ಸ್ಟ್ರಾಮ್‌ನಷ್ಟು ನೀಲಿಗೆ ಸರಿಯುತ್ತದೆ, ಅಂದರೆ ನನ್ನ ಕಿಟಕಿಯಿಂದ ಆಚೆ. ಪಾಠದಲ್ಲಿ ಓದಿ ಮರೆತಿದ್ದ ಡಾಪ್ಲರ್ ಪರಿಣಾಮ ನನ್ನ ಹೆಬ್ಬೆರಳ ಕೆಳಗಿತ್ತು. ಈ ಟೆಲಿಸ್ಕೋಪ್ ನನಗೆ ಬೇರೇನೂ ಕೊಡದಿದ್ದರೂ ಆ ಬೆಳಿಗ್ಗೆ ಒಂದಕ್ಕೆ ದುಡ್ಡು ಕೊಡುತ್ತಿದ್ದೆ.

ಹೀಗೆ ವಾಲಿಸಿ ಹೊಂದಿಸುವ ಮಾದರಿಗೆ ಒಂದು ಕಾಟ ಇದೆ. ಇಡೀ ಸೂರ್ಯ ಒಂದೇ ಸಮ ಕಾಣುವುದಿಲ್ಲ. ಒಂದು ಪಟ್ಟೆಯಲ್ಲಿ ಮಾತ್ರ ವಿವರ ಚೆನ್ನಾಗಿರುತ್ತದೆ, ಆಚೆ ಈಚೆ ಸಪ್ಪೆ. ಸೂರ್ಯನನ್ನು ಮೆಲ್ಲಗೆ ಆ ಪಟ್ಟೆಯೊಳಗೆ ದಾಟಿಸುತ್ತಾ ನೋಡಬೇಕು. ಕಣ್ಣಿಗೆ ಅಭ್ಯಾಸ ಆಗುತ್ತದೆ. ಕ್ಯಾಮೆರಾ ಹಿಡಿಯುವವರಿಗೆ ಮಾತ್ರ ಇದು ತಲೆನೋವು, ಅವರು ಗಾಳಿಯ ಒತ್ತಡ ಬದಲಿಸಿ ಹೊಂದಿಸುವ ಮಾದರಿ ನೋಡುವುದು ವಾಸಿ.

ಇಷ್ಟು ಒಳ್ಳೆಯ ಮಾತು ಸಾಕು.

ಮೂರನೇ ವರ್ಷ ಏನೋ ಸರಿಯಿಲ್ಲ ಅನಿಸತೊಡಗಿತು. ಜ್ವಾಲೆಗಳು ಮಂಕು. ಮೊದಲು ಗಾಳಿಯ ಧೂಳನ್ನು ಬೈದೆ. ಆಮೇಲೆ ತೆಳು ಮೋಡವನ್ನು. ಕಣ್ಣಿನ ಡಾಕ್ಟರ್ ಹತ್ತಿರವೂ ಹೋಗಿಬಂದೆ, ಕಣ್ಣು ಸರಿಯಾಗಿದೆ ಅಂದರು. ಸೂರ್ಯನೇ ತಣ್ಣಗಾಗಿದ್ದಾನೇನೋ ಅನ್ನೋಣ ಅಂದರೆ, 2019ರ ಡಿಸೆಂಬರ್‌ನಲ್ಲಿ ಶುರುವಾದ 25ನೇ ಸೌರಚಕ್ರ (ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಚಟುವಟಿಕೆ ಏರಿ ಇಳಿಯುವ ಸುತ್ತು) ಆಗ ಏರುತ್ತಲೇ ಇತ್ತು. ದಿನೇ ದಿನೇ ಸ್ವಲ್ಪಸ್ವಲ್ಪವೇ ಕೆಡುವ ವಸ್ತುವಿನ ಕಷ್ಟ ಇದು: ಯಾವತ್ತೂ "ಇವತ್ತು ಕೆಟ್ಟಿತು" ಅಂತ ಗೊತ್ತಾಗುವುದಿಲ್ಲ.

ಗೆಳೆಯರೊಬ್ಬರ ಹತ್ತಿರ ಇದೇ ಅಳತೆಯ ಟೆಲಿಸ್ಕೋಪ್ ಇತ್ತು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದೆವು. ಅವರದರಲ್ಲಿ ಆರು ಜ್ವಾಲೆ ಎಣಿಸಿದೆ, ನನ್ನದರಲ್ಲಿ ಎರಡು. ಅವರೂ ಬಗ್ಗಿ ನೋಡಿ, ಏನೂ ಮಾತಾಡದೆ ತಲೆಯೆತ್ತಿದರು. ಆಮೇಲೆ ಅವರ ಬ್ಲಾಕಿಂಗ್ ಫಿಲ್ಟರನ್ನು ಬಿಚ್ಚಿ ನನ್ನದಕ್ಕೆ ಹಾಕಿದರು. ಆರೂ ಬಂದವು. ಮುಂದಿನ ಎಟಲಾನ್‌ಗೆ ಏನೂ ಆಗಿರಲಿಲ್ಲ. ಹಾಳಾಗಿದ್ದು ಹಿಂದಿನ ಆ ಕಡಲೆಕಾಳಿನಷ್ಟು ಗಾಜು.

ಅಲ್ಲಿಯವರೆಗೆ ಅದು ಏನು ಮಾಡುತ್ತದೆ ಅಂತಲೇ ನಾನು ಸರಿಯಾಗಿ ತಿಳಿದುಕೊಂಡಿರಲಿಲ್ಲ. ಎಟಲಾನ್ ಒಂದು ಗೆರೆ ಮಾತ್ರ ಬಿಡುವುದಿಲ್ಲ. ಬಾಚಣಿಗೆಯ ಹಲ್ಲಿನ ಹಾಗೆ ಸಮಾನ ಅಂತರದಲ್ಲಿ ಹಲವು ಗೆರೆಗಳನ್ನು ಬಿಡುತ್ತದೆ. ಅದರಲ್ಲಿ ನಮಗೆ ಬೇಕಾದ ಹಲ್ಲೊಂದನ್ನು ಉಳಿಸಿ ಮಿಕ್ಕದ್ದನ್ನು ತಡೆಯುವುದು, ಕಣ್ಣಿಗೆ ಅಪಾಯದ ಬೆಳಕು ಬರದ ಹಾಗೆ ನೋಡಿಕೊಳ್ಳುವುದು ಈ ಹಿಂದಿನ ಭಾಗದ ಕೆಲಸ. ಅದರೊಳಗಿನ ಒಂದು ಫಿಲ್ಟರ್‌ನ ಲೇಪ ತೇವಕ್ಕೆ ಮೆಲ್ಲಮೆಲ್ಲಗೆ ಕೆಡುತ್ತದೆ. ಬಿಚ್ಚಿ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಕನ್ನಡಿಯ ಹಾಗೆ ಇರಬೇಕಾದದ್ದು, ಮಳೆ ನೀರಿನ ಮೇಲೆ ಎಣ್ಣೆ ತೇಲಿದ ಹಾಗೆ ಮಚ್ಚೆಮಚ್ಚೆಯಾಗಿತ್ತು.

ರಿಪೇರಿಗೆ ಕಳಿಸಿದೆ. ಕಂಪನಿಯ ಹೆಸರು ಬೇಡ. ಮೂರು ವಾರ ಅಂದವರು ಎರಡೂವರೆ ತಿಂಗಳು ಇಟ್ಟುಕೊಂಡರು. ಆ ಎರಡೂವರೆ ತಿಂಗಳಲ್ಲಿ 2024ರ ಮೇ ತಿಂಗಳು ಬಂದುಹೋಯಿತು. ನೆನಪಿದೆಯಲ್ವಾ? 3664 ಅನ್ನುವ ನಂಬರಿನ ಸೂರ್ಯಕಲೆಗಳ ಗುಂಪು, ಗ್ರಹಣದ ಕನ್ನಡಕದಲ್ಲೇ ಕಾಣುವಷ್ಟು ದೊಡ್ಡದು. ಒಂದರ ಹಿಂದೆ ಒಂದು ಎಕ್ಸ್ ದರ್ಜೆಯ, ಅಂದರೆ ಅತಿ ಪ್ರಬಲ ದರ್ಜೆಯ, ಸೌರಸ್ಫೋಟ. ಮೇ 10ರ ರಾತ್ರಿ ಭೂಮಿಗೆ ಅಪ್ಪಳಿಸಿದ ಕಾಂತ ಬಿರುಗಾಳಿ 2003ರ ಅಕ್ಟೋಬರ್ ಆದಮೇಲೆ ಬಂದ ಮೊದಲ ಜಿ5, ಅಂದರೆ ಅತಿ ತೀವ್ರ ದರ್ಜೆಯದು. ಎಚ್-ಆಲ್ಫಾದಲ್ಲಿ ಅಂಥ ಸ್ಫೋಟ ಎರಡು ಬೆಂಕಿ ಪಟ್ಟಿಗಳ ಹಾಗೆ ಕಾಣುತ್ತದೆ, ನೋಡ್ತಾ ನೋಡ್ತಾ ಎರಡೂ ದೂರ ಸರಿಯುತ್ತವೆ. ಅದನ್ನು ನೋಡೋಕೆ ಅಂತಲೇ ಟೆಲಿಸ್ಕೋಪ್ ಕೊಂಡವನು ನಾನು. ಕೈಯಲ್ಲಿ ಇದ್ದದ್ದು ಗ್ರಹಣದ ಕನ್ನಡಕ. ಕಪ್ಪು ಚುಕ್ಕೆ ನೋಡಿದೆ, ಒಳಗೆ ಹೋದೆ.

ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ನಿಜ ಹೇಳಬೇಕಲ್ಲ.

ಹಾಗಾಗಿ ಆರಿಸುವವರಿಗೆ ನನ್ನ ಮಾತು ಇಷ್ಟು. ಸೆಕೆಂಡ್ ಹ್ಯಾಂಡ್ ಆದರೆ ಮೊದಲು ಕೇಳಬೇಕಾದದ್ದು ಆಂಗ್ಸ್ಟ್ರಾಮ್ ಅಲ್ಲ. ಬ್ಲಾಕಿಂಗ್ ಫಿಲ್ಟರ್ ಯಾವ ವರ್ಷದ್ದು, ಯಾವಾಗಲಾದರೂ ಬದಲಿಸಿದ್ದಾರಾ, ಬಿಡಿ ಸಿಗುತ್ತದಾ ಅಂತ ಕೇಳಿ. ಅದರ ಫೋಟೋ ಕಳಿಸಿ ಅನ್ನಿ, ಓರೆ ಬೆಳಕಲ್ಲಿ ತೆಗೆದದ್ದು. ಲೇಪದಲ್ಲಿ ಬಿರುಕೋ ಸೂಜಿತೂತೋ ಇರಬಹುದು ಅನ್ನುವ ಸಣ್ಣ ಸಂಶಯ ಬಂದರೂ ಅದರಲ್ಲಿ ಸೂರ್ಯನನ್ನು ನೋಡಬೇಡಿ. ಹೊಸದಾದರೂ ಅಷ್ಟೇ, ಬಿಡಿಭಾಗ ಎಷ್ಟು ದಿನದಲ್ಲಿ ಕಳಿಸುತ್ತಾರೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಅಳತೆಯ ಲೆಕ್ಕ ಸುಲಭ: ಫೋಕಲ್ ಲೆಂತನ್ನು ಸುಮಾರು 109ರಿಂದ ಭಾಗಿಸಿದರೆ ಸೂರ್ಯನ ಬಿಂಬದ ಅಗಲ ಸಿಗುತ್ತದೆ. ನನ್ನದಕ್ಕೆ 3.7 ಮಿಲಿಮೀಟರ್, 5ರ ಗಾಜು ಸಾಕು. ಮುಂದೆ ದೊಡ್ಡ ಕೊಳವೆಗೆ ಹಾಕುವ ಆಸೆ ಇದ್ದರೆ ಈಗಲೇ ದೊಡ್ಡ ಗಾಜು ತೆಗೆದುಕೊಳ್ಳಿ, ಆಮೇಲೆ ಬದಲಿಸುವುದು ದುಬಾರಿ.

ಟೆಲಿಸ್ಕೋಪ್ ಇಲ್ಲದ ಆ ದಿನಗಳಲ್ಲಿ ಅದೇ ಗೆಳೆಯರು ತಮ್ಮ ಇನ್ನೊಂದು ಫಿಲ್ಟರನ್ನು ಎರವಲು ಕೊಟ್ಟರು. ಕೊಟ್ಟದ್ದು ಜೂನ್‌ನಲ್ಲಿ, ಮೇ ಮುಗಿದ ಮೇಲೆ! ಐಪೀಸ್ ಜಾಗದಲ್ಲಿ ಕೂರುವ, ಕರೆಂಟಿನಿಂದ ಬಿಸಿಯಾಗಿ ಗೆರೆಗೆ ಹೊಂದುವ ಮಾದರಿ. 80 ಮಿಲಿಮೀಟರ್ ಟೆಲಿಸ್ಕೋಪಿಗೆ ಹಾಕಿದರೆ ಚೆಂಡಿನ ಮೇಲಿನ ವಿವರ ನನ್ನದಕ್ಕಿಂತ ಎಷ್ಟೋ ಮೇಲು, ಸುಳ್ಳು ಹೇಳಲಾರೆ. ಆದರೆ ಪವರ್ ಬ್ಯಾಂಕ್ ಬೇಕು, ಬಿಸಿಯಾಗುವವರೆಗೆ ಕಾಯಬೇಕು, ಗುಂಡಿಯನ್ನು ಒಂದು ಹಲ್ಲು ತಿರುಗಿಸಿದರೆ ಮತ್ತೆ ಕಾಯಬೇಕು. ಕೆಲಸಕ್ಕೆ ಹೊರಡುವ ಮುಂಚೆ ನನಗೆ ಸಿಗುವುದೇ ಇಪ್ಪತ್ತು ನಿಮಿಷ. ದೀಪ ಹಸಿರಾಗುವಷ್ಟರಲ್ಲಿ ಮೋಡ ಬಂದದ್ದು ಎಷ್ಟು ಸಲವೋ. ಇಡೀ ಭಾನುವಾರ ಕೈಯಲ್ಲಿರುವವರು ಅದನ್ನೇ ತೆಗೆದುಕೊಳ್ಳಲಿ.

ಎರಡು ಎಟಲಾನ್ ಜೋಡಿಸಿ ಕಿಟಕಿಯನ್ನು 0.5 ಆಂಗ್ಸ್ಟ್ರಾಮ್‌ಗೆ ಇಳಿಸುವುದನ್ನೂ ಒಂದು ದಿನ ನೋಡಿದೆ. ಸೂರ್ಯನ ಮೈ ಕೆತ್ತಿದ ಹಾಗೆ ಕಾಣುತ್ತದೆ, ಜ್ವಾಲೆ ಮಾತ್ರ ಸ್ವಲ್ಪ ಮಂಕಾಗುತ್ತದೆ. ನಾನು ಜ್ವಾಲೆಯ ಕಡೆಯವನು. ಬೇಡ ಅನಿಸಿತು.

ಹೊಸ ಗಾಜು ಬಂದು ಒಂದೂವರೆ ವರ್ಷ ಆಗುತ್ತಾ ಬಂತು. ಈಗ ಹಿಂದಿನ ಭಾಗವನ್ನು ಹೊರಗೆ ಬಿಡುವುದಿಲ್ಲ. ನೋಡಿ ಮುಗಿದ ಕೂಡಲೇ ಬಿಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಮಧ್ಯೆ ಇಡುತ್ತೇನೆ. ಶೂ ಡಬ್ಬಿ, ಔಷಧಿ ಬಾಟಲಿ, ಎಲ್ಲಿ ಪೊಟ್ಟಣ ಸಿಕ್ಕಿದರೂ ಮಗಳು ತಂದು ಕೊಡುತ್ತಾಳೆ. ತಿಂಗಳ ಮೊದಲ ಭಾನುವಾರ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಹೋದ ಭಾನುವಾರ ನೋಡಿದಾಗ ಅಂಚಿನಲ್ಲಿ ಒಂದು ಚುಕ್ಕೆ ಇದ್ದ ಹಾಗೆ ಕಂಡಿತು. ಬ್ಲೋವರ್‌ನಿಂದ ಗಾಳಿ ಊದಿದೆ, ಹೋಯಿತು. ಧೂಳು.