‘ಆಟೋ ಕಟ್’ ಸ್ಟಿಕ್ಕರ್ ನಂಬಿ ಭಾವನ ಬ್ಯಾಟರಿ ಹಾಳು ಮಾಡಿದೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 12 ವೋಲ್ಟ್ ಬ್ಯಾಟರಿ ಚಾರ್ಜರ್ ತರಲು ಹೊರಟವರು ಇದನ್ನು ಓದಿಯೇ ಹೋಗಿ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು. ಆದರೂ ಮೋಸ ಹೋದೆ. ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ.

ನಮ್ಮ ಭಾವ ಚಿಂತಾಮಣಿ ಕಡೆ ಟೊಮ್ಯಾಟೊ ಬೆಳೆಯುತ್ತಾರೆ. ಔಷಧಿ ಹೊಡೆಯುವ ಬ್ಯಾಟರಿ ಪಂಪಿನ ಚಾರ್ಜರ್ ಕೆಟ್ಟಿತ್ತು. ಬ್ಯಾಟರಿ ಮಾತ್ರ ಹೊಸದು, 12 ವೋಲ್ಟ್ 8 ಎಎಚ್ (ಆಂಪಿಯರ್-ಅವರ್). ‘ನಾನು ತರ್ತೀನಿ ಬಿಡಿ ಭಾವ’ ಅಂತ ದೊಡ್ಡದಾಗಿ ಹೇಳಿದೆ. ಅಂಗಡಿಯವನು 450 ರೂಪಾಯಿ ಅಂದ. ‘ಆಟೋ ಕಟ್ ಸರ್, ಫುಲ್ ಆದ್ರೆ ತಾನೇ ನಿಲ್ಲುತ್ತೆ.’ ಬಿಲ್ ಕೇಳಲಿಲ್ಲ. ಅದು ಮೊದಲ ತಪ್ಪು.

ಊರಿಗೆ ಹೋಗಿ ಬ್ಯಾಟರಿ ಇಲ್ಲದೆ ಬರೀ ಚಾರ್ಜರಿಗೆ ಮೀಟರ್ ಹಿಡಿದೆ. 12.4 ವೋಲ್ಟ್ ಬಂತು. ಚಾರ್ಜ್ ಆಗಲು 14.4 ಆದರೂ ಬೇಕಲ್ವಾ? ಫೋನ್ ಮಾಡಿದೆ. ‘ಬ್ಯಾಟರಿ ಹಾಕಿ ಸರ್, ಏರುತ್ತೆ’ ಅಂದ. ಹಾಕಿದೆ. ನಿಜವಾಗಿಯೂ ಏರಿತು! 13.2, ಆಮೇಲೆ 13.9. ಪಾಪ, ಸುಮ್ನೆ ಅನುಮಾನ ಪಟ್ಟೆ ಅಂದುಕೊಂಡೆ. ಹಸಿರು ಲೈಟ್ ಬಂತು. ಇನ್ನೇನು ತಾನೇ ನಿಲ್ಲುತ್ತದೆ ಅಂತ ಮಲಗಿದೆ.

ಬೆಳಿಗ್ಗೆ ಎದ್ದರೆ ಕೊಟ್ಟಿಗೆ ತುಂಬಾ ಕೊಳೆತ ಮೊಟ್ಟೆ ವಾಸನೆ. ಬ್ಯಾಟರಿ ಮುಟ್ಟಲು ಆಗದಷ್ಟು ಬಿಸಿ, ಎರಡೂ ಪಕ್ಕ ಉಬ್ಬಿದೆ. ಮೀಟರ್ 16.4 ತೋರಿಸುತ್ತಿದೆ. ಹಸಿರು ಲೈಟ್ ಉರಿಯುತ್ತಲೇ ಇದೆ!

ಚಾರ್ಜರ್ ಬಿಚ್ಚಿದೆ. ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ಝೀನರ್ (ಇಂತಿಷ್ಟು ವೋಲ್ಟ್ ದಾಟಿದರೆ ಕರೆಂಟ್ ಬಿಡುವ ಡಯೋಡ್), ಎರಡು ಎಲ್‌ಇಡಿ. ಅಷ್ಟೇ. ಫುಲ್ ಆದಾಗ ಕರೆಂಟ್ ಕತ್ತರಿಸುವ ಸ್ವಿಚ್, ಅಂದರೆ ರಿಲೇ ಕೂರಬೇಕಾದ ಜಾಗದಲ್ಲಿ ಐದು ಖಾಲಿ ತೂತು, ಅದರ ಮೇಲೊಂದು ಜಂಪರ್ ವೈರ್. ಝೀನರ್ ಇದ್ದದ್ದು ಹಸಿರು ಲೈಟ್ ಹಚ್ಚಲು ಮಾತ್ರ. ವೋಲ್ಟೇಜಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಕೂಡ ಇಲ್ಲ. ಅದಕ್ಕೇ ನನ್ನ ಮೀಟರ್ ಸರಾಸರಿ 12.4 ತೋರಿಸಿದ್ದು. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಔಟ್‌ಪುಟ್‌ಗೆ ಅಡ್ಡ ಹಾಕಿದೆ. ಮೀಟರ್ 20 ದಾಟಿತು. ಇಪ್ಪತ್ತು ವೋಲ್ಟ್! ಒಳಗಿರುವುದು 15 ವೋಲ್ಟ್ ಟ್ರಾನ್ಸ್‌ಫಾರ್ಮರ್, ಪೀಕ್, ಅಂದರೆ ಏರಿಳಿತದ ತುದಿ, ಅಷ್ಟು ಬಂದೇ ಬರುತ್ತದೆ. ಪರೀಕ್ಷೆಗೆ ಇದೇ ಲೆಕ್ಕ ಬರೆದು ಪಾಸಾದವನು ನಾನು.

ಮತ್ತೆ ಫೋನ್ ಮಾಡಿದೆ.

‘ಹಸಿರು ಬಂತಲ್ಲ ಸರ್? ಬಂದ ತಕ್ಷಣ ಪ್ಲಗ್ ತೆಗೀಬೇಕು.’

‘ಮತ್ತೆ ಆಟೋ ಕಟ್ ಅಂದ್ಯಲ್ಲಯ್ಯಾ?’

‘ಲೈಟ್ ಆಟೋ ಸರ್.’

ಲೈಟ್ ಆಟೋ ಅಂತೆ! ಆಮೇಲೆ ‘ನಿಮ್ಮ ಬ್ಯಾಟರಿ ಲೋಕಲ್ ಇರಬೇಕು’ ಅಂದ. ಆಮೇಲೆ ‘ಮೀಟರ್ ಸೆಲ್ ವೀಕ್ ಇರಬೇಕು’. ಕೊನೆಗೆ ‘ಬಿಲ್ ಇದೆಯಾ?’ ಜಂಪರ್ ವೈರಿನ ಫೋಟೊ ಕಳಿಸಿದೆ. ನೋಡಿದ್ದಾನೆ, ಉತ್ತರ ಇಲ್ಲ.

ನೀವು ತರುವುದಾದರೆ ಅಂಗಡಿಯಲ್ಲೇ ಬಿಚ್ಚಿಸಿ ನೋಡಿ. ಬಿಚ್ಚಲ್ಲ ಅಂದರೆ ಎದ್ದು ಬನ್ನಿ. ಬ್ಯಾಟರಿ ಇಲ್ಲದೆ ಬರೀ ಮೀಟರ್ ಹಿಡಿದು ನಂಬಬೇಡಿ, ಕೆಪಾಸಿಟರ್ ಹಾಕಿ ಅಳೆಯಿರಿ. ಒಳ್ಳೆಯ ಚಾರ್ಜರ್ 14.4ರ ಆಸುಪಾಸಿಗೆ ಹೋಗಿ, ಫುಲ್ ಆದ ಮೇಲೆ 13.6ರ ಹತ್ತಿರ ಇಳಿದು ನಿಲ್ಲುತ್ತದೆ. ಮೊದಲ ಸಲ ಹಾಕಿದಾಗ ಪಕ್ಕದಲ್ಲೇ ಕೂತಿರಿ. ನನ್ನ ಹಾಗೆ ಮಲಗಬೇಡಿ. ಬಿಲ್ ತಗೊಳ್ಳಿ, ಬಿಲ್!

ಭಾವ ಬೈಯಲಿಲ್ಲ. ‘ಓದಿದವನು ನೀನು, ನಿನಗೇ ಹಿಂಗಾದ್ರೆ’ ಅಂದು ಅಟ್ಟದಿಂದ ಹಳೆಯ ಕೈಪಂಪು ಇಳಿಸಿಕೊಂಡು ತೋಟಕ್ಕೆ ಹೋದರು.