ಐಡಬ್ಲ್ಯುಎಂಎಫ್ ಪುಸ್ತಿಕೆಗಳು: ಅಪ್ಪನ ಕಾಯಿಲೆಗೆ ಒದಗಿದ ಓದು

ವಾಲ್ಡನ್‌ಸ್ಟ್ರಾಮ್ ಅನ್ನೋ ಹೆಸರು ಅಪ್ಪನ ನಾಲಿಗೆ ಮೇಲೆ ಹೊರಳಲ್ಲ. 'ಆ ಸ್ವೀಡನ್ನಿನವನ ಕಾಯಿಲೆ' ಅಂತಾರೆ. 1944ರಲ್ಲಿ ಇದನ್ನ ವಿವರಿಸಿದ್ದು ಸ್ವೀಡನ್ನಿನ ಡಾಕ್ಟರೇ, ಹಾಗಾಗಿ ತಪ್ಪೇನಿಲ್ಲ ಬಿಡಿ.

ಈ ಅಪರೂಪದ ರಕ್ತ ಕ್ಯಾನ್ಸರಿಗೆಂದೇ ಇರೋ ಐಡಬ್ಲ್ಯುಎಂಎಫ್ (ಇಂಟರ್‌ನ್ಯಾಷನಲ್ ವಾಲ್ಡನ್‌ಸ್ಟ್ರಾಮ್ಸ್ ಮ್ಯಾಕ್ರೋಗ್ಲಾಬ್ಯುಲಿನೀಮಿಯಾ ಫೌಂಡೇಶನ್) ಸಂಸ್ಥೆಯನ್ನ 1994ರಲ್ಲಿ ಅಮೆರಿಕದ ರೋಗಿಯೊಬ್ಬರು ಶುರು ಮಾಡಿದ್ರು. ನಡೆಯೋದು ದೇಣಿಗೆಯಲ್ಲಿ, ಪುಸ್ತಿಕೆಗಳು ಪುಕ್ಕಟೆ. ಪರೀಕ್ಷೆಗಳ ಬಗ್ಗೆ ಇರೋ ಪುಸ್ತಿಕೆಗೆ ನನ್ನಿಂದ ಪೂರ್ತಿ ಅಂಕ. ಮೊದಲೆಲ್ಲ ಲ್ಯಾಬ್ ರಿಪೋರ್ಟಲ್ಲಿ ಐಜಿಎಂ (ಈ ಕಾಯಿಲೆಯಲ್ಲಿ ರಕ್ತದಲ್ಲಿ ಹೆಚ್ಚಾಗೋ ಪ್ರೋಟೀನು) ದಪ್ಪಕ್ಷರದಲ್ಲಿ ಕಂಡ್ರೆ ಸಾಕು, ಅಮ್ಮ ತುಪ್ಪದ ದೀಪ ಹಚ್ಚಿ ಕೂತುಬಿಡೋರು. ಅಂಕಿ ಏರಿದ ಮಾತ್ರಕ್ಕೆ ಚಿಕಿತ್ಸೆ ಶುರುವಾಗಲ್ಲ, ಲಕ್ಷಣ ಇಲ್ಲದಿದ್ರೆ ಗಮನಿಸ್ತಾ ಕಾಯೋದೂ ಉಂಟು ಅಂತ ಓದಿ ಹೇಳಿದೆ. ಮೂಗಿಂದ ರಕ್ತ ಬಂದ್ರೆ, ಕಣ್ಣು ಮಂಜಾದ್ರೆ ಮಾತ್ರ ತಡ ಮಾಡೋ ಹಾಗಿಲ್ಲ, ರಕ್ತ ಮಂದವಾಗಿರಬಹುದು. ಈ ಸಾಲನ್ನ ಅಮ್ಮ ಕ್ಯಾಲೆಂಡರ್ ಹಿಂದೆ ಬರೆಸಿಕೊಂಡಿದ್ದಾರೆ.

ಈ ಕಾಯಿಲೆ ಇರೋ ಹೆಚ್ಚಿನವರಲ್ಲಿ ಬದಲಾಗಿರೋ ಎಂವೈಡಿ88 ಅನ್ನೋ ಜೀನಿನ ಭಾಗ ನನಗೇ ಎರಡು ಸಲ ಓದಿದ ಮೇಲೆ ತಲೆಗೆ ಹೋಯ್ತು. ರೋಗಿಗಳ ಜೊತೆ ಮಾತಾಡೋ ಸ್ವಯಂಸೇವಕರೂ ಇದ್ದಾರೆ. ಈ ಕಾಯಿಲೆಗೆ ಕೊಡೋ ಇಬ್ರುಟಿನಿಬ್ ಮಾತ್ರೆಯ ಬಿಲ್ಲಿನ ಚಿಂತೆ ಇರೋರಿಗೆ ಇದು ಸರಿಯಾದ ಬಾಗಿಲಲ್ಲ. ಡಾಕ್ಟರ ಮುಂದೆ ಏನು ಕೇಳಬೇಕು ಅಂತ ಗೊತ್ತಾಗದೆ ಕೂರೋರು ಈ ಪುಸ್ತಿಕೆಗಳನ್ನ ಖಂಡಿತ ತರಿಸಿಕೊಳ್ಳಿ.